ಆಯುಧಪೂಜೆಯ ಹಸಿರು

ಬೇಗೂರು
6-11-2005

ಮಗಳು ಮಾನಸಳಿಗೆ ನಿನ್ನ ಅಪ್ಪನ ಆಶೀರ್ವಾದ.

ಕಾಗದ ಅಂದಮೇಲೆ ಮೊದಲು ನಾವೆಲ್ಲ ಕ್ಷೇಮ ಅಂತ ಬರೆಯಬೇಕು. ಬರೆಯುವುದಿಲ್ಲ. ನಿಮ್ಮಣ್ಣ ನಿಂಗರಾಜು ಹೋದ ಮೇಲೆ ಆ ಪದವನ್ನು ಈ ಮನೆಯಲ್ಲಿ ಯಾರೂ ಆಡಿಲ್ಲ.

ತಿಥಿ ಮುಗಿದ ಮಾರನೇ ದಿನವೇ ನೀನು ಚಾಮರಾಜನಗರದ ಬಸ್ಸು ಹತ್ತಿಬಿಟ್ಟೆ. ಮಂಚಮ್ಮತ್ತೆ ಮನೆಯಲ್ಲಿದ್ದುಕೊಂಡು ಮತ್ತೆ ಅದೇ ಬಣ್ಣದ ಫ್ಯಾಕ್ಟರಿಗೆ ಹೋಗುತ್ತಿದ್ದೀಯ ಅಂತ ಕೇಳಿದೆ. ಅಣ್ಣ ಬೆಂದುಹೋದ ಜಾಗಕ್ಕೆ ದಿನಾ ತಲೆ ಬಾಚಿಕೊಂಡು ಹೋಗಲು ಇವಳಿಗೆ ಹೇಗಾದರೂ ಮನಸ್ಸು ಬರುತ್ತದೋ ಅಂತ ನಿನ್ನವ್ವ ಕೇಳಿದಳು. ನಾನು ಗದರಿಸಿ ಸುಮ್ಮನಾಗಿಸಿದ್ದೇನೆ. ನೀನು ಅಲ್ಲಿ ಒಳಗೆ ಇರುವುದೇ ಒಳ್ಳೆಯದು. ಯಾಕೆ ಅಂತ ಹೇಳುತ್ತೇನೆ. ಫೋನಿನಲ್ಲಿ ಹೇಳೋಣ ಅಂದರೆ ಇರುವುದು ಶಿವಮಲ್ಲುವಿನ ಅಂಗಡಿಯ ಫೋನು. ಅಲ್ಲಿ ಉಪ್ಪು ಕೊಳ್ಳಲು ಬಂದವರೆಲ್ಲ ಕಿವಿ ಕೊಟ್ಟುಕೊಂಡು ನಿಂತಿರುತ್ತಾರೆ.

ಮೊನ್ನೆ ನಿನ್ನವ್ವ ನಲ್ಲಿಗೆ ಹೋಗಿದ್ದಳು. ಕನಕರಾಜುವಿನ ತಾಯಿ ಕರಿಯಮ್ಮನೂ ಬಂದಿದ್ದಳಂತೆ. ಬೆಂಕಿಯೊಳಕ್ಕೆ ಕೈ ಹಾಕಿ ನಿಂಗರಾಜುವನ್ನು ಎಳೆದು ತಂದವನು ಕನಕರಾಜು, ಅವನ ಎರಡು ಕೈಯೂ ಬೆಂದಿವೆ, ಆ ತಾಯಿಯ ಹೊಟ್ಟೆಯೂ ಉರಿಯುತ್ತದೆ, ಒಪ್ಪುತ್ತೇನೆ. ಆದರೆ ಅವಳು ಆಡಿದ ಮಾತು ನೋಡು. "ನಿನ್ ಮಗ ಒಂದು ಬೀಡಿ ಸೇದಕ್ಕೋಗಿ ನನ್ ಮಗನ ಕೈಯ ತಿಂದ್ಬುಟ್ಟ ಕಣವ್ವ" ಅಂದಳಂತೆ, ನಾಲ್ಕು ಜನ ಹೆಂಗಸರ ಮುಂದೆ. ನಿನ್ನವ್ವ ಖಾಲಿ ಬಿಂದಿಗೆ ಹೊತ್ತುಕೊಂಡು ಮನೆಗೆ ಬಂದಳು.

ವಿಜಯದಶಮಿ ಮುಗಿದು ಫ್ಯಾಕ್ಟರಿ ತೆಗೆದ ಬೆಳಿಗ್ಗೆ ನಿಂಗರಾಜು ಒಳಗೆ ಬೀಡಿ ಹಚ್ಚಿದ, ಅದಕ್ಕೇ ಬೆಂಕಿ ಬಿತ್ತು ಅಂತ ನಿಮ್ಮ ಮ್ಯಾನೇಜರ್ ಮರಿಮಲ್ಲಪ್ಪನವರು ಸರ್ಕಾರದವರಿಗೆ ಬರೆದುಕೊಟ್ಟಿದ್ದಾರಂತೆ. ಗೇಟಿನಲ್ಲಿ ತೂಗುಹಾಕಿದ್ದ ಅವನ ಚೀಲದಲ್ಲಿ ಬೀಡಿ ಕಟ್ಟು ಸಿಕ್ಕಿತಂತೆ. ಆ ಕಟ್ಟು ನನ್ನದು ಮಾನಸ. ನನಗೆ ಬೇಗೂರಿನ ಬೀಡಿ ಹಿಡಿಸುವುದಿಲ್ಲ ಅಂತ ಅವನು ವಾರಕ್ಕೊಂದು ಸಲ ಚಾಮರಾಜನಗರದಿಂದ ತರುತ್ತಿದ್ದ. ಅವನು ಬಾಯಿಗೆ ಇಟ್ಟವನಲ್ಲ. ಆಡುವವರ ಬಾಯಿಗೆ ಬೀಗ ಹಾಕುವುದಕ್ಕಾಗುವುದಿಲ್ಲ, ನಿಜ. ಆದರೆ ಸತ್ತವನು ಎದ್ದು ಬಂದು ಇಲ್ಲ ಅನ್ನಲಾರ, ಅವನ ಪರವಾಗಿ ನಾನಾದರೂ ಅನ್ನಬೇಕಲ್ಲ.

ಬೀಡಿ ಅಲ್ಲದಿದ್ದರೆ ಮತ್ತೇನು? ಅದನ್ನು ನೀನು ತಿಳಿದು ಬರೆ. ಅದಕ್ಕೆ ಮೊದಲು ಬಣ್ಣ ಮಾಡುವುದು ಹೇಗೆ ಅಂತ ಶುರುವಿಂದ ಕೊನೆಯವರೆಗೆ ಬಿಡಿಸಿ ಬರೆ. ನಿಂಗರಾಜುವನ್ನು ಕೇಳಿದರೆ "ಕಲಸ್ತೀವಿ ಕಣಪ್ಪ" ಅಂತಿದ್ದ, ಅಷ್ಟೇ. ಮಗ ಏನು ಮಾಡುತ್ತ ಸತ್ತ ಅನ್ನುವುದು ಅಪ್ಪನಿಗೆ ಗೊತ್ತಿರಬೇಕು.

ನಿನ್ನ ಅಪ್ಪ
ಚಿಕ್ಕಮಾದಯ್ಯ


ಚಾಮರಾಜನಗರ
20-11-2005

ಅಪ್ಪನಿಗೆ ಮಾನಸ ಮಾಡುವ ನಮಸ್ಕಾರ.

ನಾನು ಓಡಿಬಂದೆ ಅಂತ ಅವ್ವ ತಿಳಿದಿದ್ದರೆ ತಿಳಿಯಲಿ. ಮನೆಯಲ್ಲಿ ಅಣ್ಣನ ಮಂಚದ ಎದುರಿಗೆ ಕೂರುವುದಕ್ಕಿಂತ ಇಲ್ಲಿ ಕೆಲಸ ಮಾಡುವುದು ನನಗೆ ಸುಲಭ. ಸುಟ್ಟ ಷೆಡ್ಡಿಗೆ ಬೀಗ ಹಾಕಿದ್ದಾರೆ. ಪಕ್ಕದ ಹಳೇ ಷೆಡ್ಡಿನಲ್ಲಿ ಕೆಲಸ ಶುರುವಾಗಿದೆ. ಬದನಗುಪ್ಪೆ ಕಡೆಯಿಂದ ಗಾಳಿ ಬೀಸಿದರೆ ಬೂದಿ ವಾಸನೆ ಇನ್ನೂ ಬರುತ್ತದೆ.

ನೀನು ಕೇಳಿದ್ದು ಬರೆಯುತ್ತೇನೆ. ಮೊದಲು ದೊಡ್ಡ ತೊಟ್ಟಿ. ಅದಕ್ಕೆ ರೆಸಿನ್ ಸುರಿಯುತ್ತಾರೆ. ಎಣ್ಣೆ ಕಾಯಿಸಿ ಮಾಡಿದ್ದು, ಜೋನಿಬೆಲ್ಲದಷ್ಟು ಮಂದ. ಬಣ್ಣ ಗೋಡೆಗೂ ಕಬ್ಬಿಣಕ್ಕೂ ಕಚ್ಚಿಕೊಳ್ಳುವುದು ಇದರ ದೆಸೆಯಿಂದಲೇ. ಅದು ತೆಳುವಾಗಲಿ ಅಂತ ಸ್ವಲ್ಪ ಥಿನ್ನರ್ ಬಿಡುತ್ತಾರೆ. ಮೇಲಿಂದ ಬಣ್ಣದ ಪುಡಿ, ಸುಣ್ಣದಕಲ್ಲಿನ ನುಣ್ಣನೆ ಪುಡಿ. ಗರಗಸದ ಹಲ್ಲಿರುವ ಒಂದು ತಟ್ಟೆ ಅದರೊಳಗೆ ಗಿರ್ರನೆ ತಿರುಗುತ್ತದೆ. ಅವ್ವ ಮಜ್ಜಿಗೆ ಕಡೆಯುವುದನ್ನು ನೋಡಿದ್ದೀಯಲ್ಲ, ಅದೇ ಕೆಲಸ, ಯಂತ್ರದ ಅವಸರದಲ್ಲಿ. ಪುಡಿಯೆಲ್ಲ ನೆನೆದು ಹಿಟ್ಟಿನಂತಾಗುತ್ತದೆ.

ಆಮೇಲೆ ಅರೆಯುವುದು. ಅಡ್ಡ ಮಲಗಿಸಿದ ದೊಡ್ಡ ಉರುಳೆ, ಒಳಗೆಲ್ಲ ಗುಂಡುಗಳು. ಉರುಳೆ ತಿರುಗಿದ ಹಾಗೆ ಗುಂಡುಗಳು ಮೇಲೇರಿ ಬಿದ್ದು ಬಣ್ಣದ ಕಣಗಳನ್ನು ಜಜ್ಜುತ್ತವೆ. ಅಣ್ಣ ಮೊದಲು ನಿಂತದ್ದು ಈ ಯಂತ್ರದ ಹತ್ತಿರ. ಅದರ ಸದ್ದು ಕೇಳಿಯೇ ಅರೆದದ್ದು ಸಾಕೋ ಬೇಕೋ ಅಂತ ಹೇಳಿಬಿಡುತ್ತಿದ್ದ. ನಾನು ನಂಬದೆ ಲ್ಯಾಬಿನಲ್ಲಿ ನೋಡುತ್ತಿದ್ದೆ. ಉಕ್ಕಿನ ಪಟ್ಟಿಯಲ್ಲಿ ಒಂದು ಇಳಿಜಾರು ತೋಡು ಇರುತ್ತದೆ, ಅದರಲ್ಲಿ ಬಣ್ಣ ಇಟ್ಟು ಎಳೆದರೆ ನುರಿಯದ ಕಣ ಎಲ್ಲಿದ್ದರೂ ಗೀರು ಕಾಣುತ್ತದೆ. ಅಣ್ಣ ಹೇಳಿದ್ದು ಎಷ್ಟೋ ಸಲ ತಪ್ಪಾಗಿರುತ್ತಿತ್ತು. ಆದರೂ ಮಾರನೇ ದಿನ ಮತ್ತೆ ಹೇಳುತ್ತಿದ್ದ.

ಅರೆದದ್ದನ್ನು ಇನ್ನೊಂದು ತೊಟ್ಟಿಗೆ ಇಳಿಸಿ ಉಳಿದ ರೆಸಿನ್, ಉಳಿದ ಥಿನ್ನರ್, ಬೇಗ ಒಣಗಲು ಹಾಕುವ ಔಷಧಿ, ಎಲ್ಲ ಸೇರಿಸುತ್ತಾರೆ. ಥಿನ್ನರನ್ನು ಡ್ರಮ್ಮಿನ ನಲ್ಲಿ ತಿರುಗಿಸಿ ಬಕೆಟ್ಟಿಗೆ ಹಿಡಿದುಕೊಂಡು ಬರಬೇಕು. ಆ ಬೆಳಿಗ್ಗೆ ಅಣ್ಣ ಮಾಡುತ್ತಿದ್ದದ್ದು ಅದೇ. ಕೊನೆಗೆ ಬಣ್ಣ ಹೊಂದಿಸುವುದು ನನ್ನ ಕೆಲಸ. ಕಿಟಕಿಯ ಬೆಳಕಿನಲ್ಲಿ ಮಾದರಿಗೆ ಬಳಿದಿಟ್ಟ ಹಳೇ ತಗಡಿನ ಪಕ್ಕ ಹೊಸ ಬಣ್ಣ ಬಳಿದ ತಗಡು ಹಿಡಿದು, ಒಂದು ಚೂರು ಹಳದಿ, ಒಂದು ಚೂರು ಕಪ್ಪು ಅಂತ ಸೇರಿಸುತ್ತ ಹೋಗಬೇಕು. ಆಮೇಲೆ ಬಟ್ಟೆಯಲ್ಲಿ ಸೋಸಿ ಡಬ್ಬಕ್ಕೆ ತುಂಬುತ್ತಾರೆ.

ಅಣ್ಣ ಮನೆಗೆ ಬಂದಾಗ ಅವನ ಹಿಂದೆಯೇ ಬರುತ್ತಿದ್ದ ವಾಸನೆ ಥಿನ್ನರಿನದು. ಬಣ್ಣವನ್ನು ಬಳಿಯುವಷ್ಟು ಹೊತ್ತು ಮಾತ್ರ ಅದು ಬೇಕು. ಆಮೇಲೆ ಗಾಳಿಗೆ ಹಾರಿಹೋಗುತ್ತದೆ. ಡಬ್ಬದಲ್ಲಿ ನಾವು ತುಂಬಿದ್ದರಲ್ಲಿ ಎಷ್ಟೋ ಪಾಲು ಯಾವ ಗೋಡೆಯ ಮೇಲೂ ಉಳಿಯುವುದಿಲ್ಲ.

ಬೀಡಿಯ ವಿಷಯ ವಿಚಾರಿಸುತ್ತೇನೆ. ಮುಂದಿನ ವಾರ ಮೈಸೂರಿಗೆ ಹೋಗಿ ಆಸ್ಪತ್ರೆಯಲ್ಲಿ ಕನಕರಾಜಣ್ಣನನ್ನು ನೋಡಿ ಬರುತ್ತೇನೆ. ಆ ಹೊತ್ತಿನಲ್ಲಿ ಪಕ್ಕದಲ್ಲಿದ್ದವನು ಅವನೊಬ್ಬನೇ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ನಿನಗೆ ಬರೆಯುತ್ತೇನೆ.

ನಿನ್ನ ಮಗಳು
ಮಾನಸ


ಬೇಗೂರು
11-12-2005

ಮಾನಸಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಓದಿ ಓದಿ ಮಡಿಕೆ ಹರಿಯುವ ಹಾಗಾಗಿದೆ. ಚೆನ್ನಾಗಿ ಬರೆದಿದ್ದೀಯ. ಬಿ.ಎಸ್ಸಿ. ಓದಿಸಿದ್ದು ದಂಡವಾಗಲಿಲ್ಲ. ನಿನ್ನವ್ವನಿಗೆ ಮಜ್ಜಿಗೆಯ ಮಾತು ಓದಿ ಹೇಳಿದಾಗ "ಹಂಗಾರೆ ನಾನೂವೆ ಬಣ್ಣ ಮಾಡ್ತೀನಿ ಬುಡು" ಅಂದಳು. ಅವಳ ಬಾಯಲ್ಲಿ ತಮಾಷೆ ಕೇಳಿ ಬಹಳ ದಿನವಾಗಿತ್ತು.

ಆದರೆ ಮುಂದಿನ ವಾರ ಬರೆಯುತ್ತೇನೆ ಅಂದವಳು ಬರೆಯಲಿಲ್ಲ. ಕನಕರಾಜುವನ್ನು ನೋಡಿದೆಯೋ ಇಲ್ಲವೋ? ಭಾನುವಾರ ಬರುತ್ತೀಯ ಅಂತ ಕಾದೆವು, ಅದೂ ಇಲ್ಲ.

ಇಲ್ಲಿಯ ಒಂದು ವಿಷಯ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಸಂಜೆ ಚಾಮರಾಜನಗರದ ಬಸ್ಸು ಬರುವ ಹೊತ್ತಿಗೆ ಮನೆಯಲ್ಲಿ ಥಿನ್ನರ್ ವಾಸನೆ ಬರುತ್ತದೆ ಅಂತ ನಿನ್ನವ್ವ ಹೇಳಲು ಶುರುಮಾಡಿದಳು. ಎದ್ದು ಹೋಗಿ ಬಾಗಿಲು ತೆಗೆದು ನಿಲ್ಲುತ್ತಾಳೆ. ನಿನಗೆಲ್ಲೋ ತಲೆ ಕೆಟ್ಟಿದೆ ಮೂಗಮ್ಮ, ಹೆಸರಿಗೆ ತಕ್ಕ ಹಾಗೆ ಮೂಗು ಚುರುಕಾಗಿದೆ ಅಂತ ನಾನು ಹಾಸ್ಯ ಮಾಡಿದೆ. ಒಂದು ಸಂಜೆ ಕೊಟ್ಟಿಗೆಯಿಂದ ಒಳಕ್ಕೆ ಬಂದೆ ನೋಡು, ನಡುಮನೆಯ ತುಂಬ ಅದೇ ವಾಸನೆ. ಅವನು ಈಗತಾನೇ ಷರಟು ಬಿಚ್ಚಿ ಗೂಟಕ್ಕೆ ಹಾಕಿದ ಹಾಗೆ. ನಾನು ಅಲ್ಲೇ ಕುಕ್ಕರಿಸಿದೆ. ನಿನ್ನವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹಿತ್ತಲ ಕಲ್ಲಿನ ಮೇಲೆ ಅವನು ಕೈ ತಿಕ್ಕಿಕೊಳ್ಳುತ್ತಿದ್ದ ಸೋಪಿನ ತುಂಡು ಇನ್ನೂ ಇದೆ. ಅದು ಕೆಲವು ದಿನ ಒದ್ದೆಯಾಗಿರುತ್ತದೆ ಅಂತಾಳೆ. ನಾನು ಮುಟ್ಟಿ ನೋಡಲು ಹೋಗಿಲ್ಲ. ಮೈಮೇಲೆ ಅಪವಾದ ಹೊತ್ತು ಸತ್ತವನು ಮನೆ ಬಿಟ್ಟು ಹೋಗುವುದಿಲ್ಲ ಅಂತ ಅವಳ ನಂಬಿಕೆ. ಹೆಸರು ತೊಳೆದರೆ ಹೋಗುತ್ತಾನಂತೆ. ಅವನು ಹೋಗಲಿ ಅಂತ ನನಗೆ ಆಸೆಯೇನಿಲ್ಲ. ಆದರೆ ಬೀಡಿಯ ಮಾತು ಹೋಗಬೇಕು.

ಇನ್ನೊಂದು ಕೇಳಬೇಕಿತ್ತು. ಆಯುಧಪೂಜೆಗೆ ನಿಂಗರಾಜು ನನ್ನನ್ನು ಫ್ಯಾಕ್ಟರಿಗೆ ಕರೆದುಕೊಂಡು ಹೋಗಿದ್ದನಲ್ಲ. ನೀನು ಹೆಣ್ಣುಮಕ್ಕಳ ಜೊತೆ ಗೇಟಿನಲ್ಲಿ ರಂಗೋಲಿ ಬಿಡುತ್ತಿದ್ದೆ. ಒಳಗೆ ಯಂತ್ರಗಳನ್ನೆಲ್ಲ ತೊಳೆದು, ತಾವೇ ಮಾಡಿದ ಹಸಿರು ಬಣ್ಣವನ್ನು ಬಳಿಯುತ್ತಿದ್ದರು. ನನಗೆ ಸುಮ್ಮನೆ ನಿಂತು ಅಭ್ಯಾಸವಿಲ್ಲ, ಕುಂಚ ಇಸಕೊಂಡೆ. ಸಂಕ್ರಾಂತಿಗೆ ಎತ್ತಿನ ಕೊಂಬು ಬಳಿದ ಕೈ ಇದು, ಒಂದು ಹನಿ ಆಚೆ ಬೀಳದ ಹಾಗೆ ಬಳಿದೆ. ಮರಿಮಲ್ಲಪ್ಪನವರೇ ನಿಂತು ನೋಡಿ ಯಜಮಾನರ ಕೈ ಚೆನ್ನಾಗಿದೆ ಅಂದರು. ನಿಂಗರಾಜುವಿನ ಡ್ರಮ್ಮಿನ ಪಕ್ಕ, ಗೋಡೆಯ ಬುಡದಲ್ಲಿ, ಒಂದು ಕಬ್ಬಿಣದ ಕಂಬಿ ಬೋಳುಬೋಳಾಗಿ ನಿಂತಿತ್ತು. ಅದಕ್ಕೂ ಬಳಿದೆ. ಎಲ್ಲ ಎತ್ತಿಗೂ ಬಳಿದು ಒಂದರ ಕೊಂಬು ಬಿಟ್ಟರೆ ಹೇಗೆ? ನಿಂಗರಾಜು ನೋಡಿ ನಕ್ಕ. ಆ ಕಂಬಿಗೆ ತುದಿಯಲ್ಲಿ ಇಕ್ಕಳದಂಥ ಬಾಯಿದ್ದ ಒಂದು ತಂತಿ ಕಚ್ಚಿಸಿದ್ದರು. ಅದನ್ನು ತೆಗೆದು ಬಳಿದೆ. ಅದು ಏತಕ್ಕೆ? ನೀನು ಅಷ್ಟು ಬಿಡಿಸಿ ಬರೆದದ್ದರಲ್ಲಿ ಅದು ಎಲ್ಲೂ ಬರಲಿಲ್ಲ.

ನಿನ್ನ ಅಪ್ಪ
ಚಿಕ್ಕಮಾದಯ್ಯ


ಚಾಮರಾಜನಗರ
2-1-2006

ಅಪ್ಪನಿಗೆ ನಮಸ್ಕಾರ.

ಬರೆಯಲು ತಡವಾಯಿತು. ವರ್ಷದ ಕೊನೆ, ಕೆಲಸ ಬಹಳ.

ಕನಕರಾಜಣ್ಣನನ್ನು ನೋಡಿಬಂದೆ. ಪಾಪ, ಅವನಿಗೆ ಏನೂ ನೆನಪಿಲ್ಲ. ನೀನು ಕೇಳಿದ ತಂತಿ ಕರೆಂಟಿನವರಿಗೆ ಸಂಬಂಧಪಟ್ಟದ್ದು, ಬಣ್ಣಕ್ಕೆ ಸಂಬಂಧವಿಲ್ಲ. ಅದಕ್ಕೇ ಬರೆಯಲಿಲ್ಲ.

ಅಪ್ಪ, ಒಂದು ಮಾತು ಕೇಳು. ಬೀಡಿಯ ವಿಷಯ ಬಿಟ್ಟುಬಿಡು. ಅಣ್ಣ ಎಂಥವನು ಅಂತ ನಮಗೆ ಗೊತ್ತು, ಸಾಕು. ಊರಿನವರು ಇನ್ನೊಂದು ವಿಷಯ ಸಿಕ್ಕಿದ ದಿನ ಇದನ್ನು ಮರೆಯುತ್ತಾರೆ. ಬೆಂದ ಮನೆಯಲ್ಲಿ ಕೋಲು ಹಾಕಿ ಕೆದಕಿದರೆ ನಮಗೇ ಕೆಂಡ ಹಾರುತ್ತದೆ.

ಸಂಕ್ರಾಂತಿಗೆ ಬರಲಾಗುವುದಿಲ್ಲ. ಹೇಗೂ ಈ ವರ್ಷ ನಮಗೆ ಹಬ್ಬವಿಲ್ಲವಲ್ಲ.

ಇಲ್ಲಿ ನನಗೂ ಒಂದು ಕಾಟವಿದೆ. ಹಸಿರು ಬಣ್ಣ ಹೊಂದಿಸಲು ಇಟ್ಟುಕೊಂಡಿರುವ ತಗಡಿನ ಮೂಲೆಯಲ್ಲಿ ಅಣ್ಣನ ಹೆಬ್ಬೆರಳಿನ ಗುರುತಿದೆ. ಒಣಗುವ ಮೊದಲೇ ಮುಟ್ಟಿ ಬಯ್ಯಿಸಿಕೊಂಡಿದ್ದ. ಗೆರೆಗೆರೆಯೂ ಕಾಣುತ್ತದೆ. ಹಸಿರು ಮಾಡಿದ ದಿನವೆಲ್ಲ ಆ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ನಿಂತಿರುತ್ತೇನೆ. ಎಷ್ಟು ಹೊಂದಿಸಿದರೂ ಬಣ್ಣ ಸರಿಹೋಯಿತು ಅಂತ ನನಗೆ ಅನ್ನಿಸುವುದಿಲ್ಲ. ಅರೆಯುವ ಯಂತ್ರ ತಿರುಗುವ ಸದ್ದಿನಲ್ಲಿ ಯಾರೋ ಜಲ್ಲಿಕಲ್ಲಿನ ಮೇಲೆ ನಡೆದು ಬರುತ್ತಲೇ ಇದ್ದಾರೆ ಅನ್ನಿಸುತ್ತದೆ. ಬರುತ್ತಾರೆ, ಹತ್ತಿರವಾಗುವುದಿಲ್ಲ.

ಅವ್ವನನ್ನು ನೋಡಿಕೋ. ಸೋಪಿನ ತುಂಡನ್ನು ಎಸೆದುಬಿಡು.

ಮಾನಸ


ಬೇಗೂರು
19-1-2006

ಮಾನಸಳಿಗೆ,

ಆಶೀರ್ವಾದ ಬರೆಯುವಷ್ಟು ಸಮಾಧಾನ ನನಗೆ ಇವತ್ತಿಲ್ಲ.

ಸೋಪು ಎಸೆ, ಬೀಡಿ ಮರೆ, ಬೆಂದ ಮನೆ ಕೆದಕಬೇಡ. ಇದು ನನ್ನ ಮಗಳ ಮಾತೋ ಮರಿಮಲ್ಲಪ್ಪನವರ ಮಾತೋ? ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ನೀನು ಅವರ ಅನ್ನ ಉಣ್ಣುತ್ತಿದ್ದೀಯ, ಎಣಿಸಲು ಕಷ್ಟ, ತಿಳಿಯಿತು. ಆದರೆ ಆ ಮನೆಯೊಳಗೆ ಬೆಂದವನು ನಿನ್ನ ಒಡಹುಟ್ಟಿದವನು. ಆ ಕೆಲಸ ಕೊಡಿಸಲು ನಿನ್ನ ಅರ್ಜಿ ಹಿಡಿದುಕೊಂಡು ಅವರ ಬಾಗಿಲಲ್ಲಿ ನಿಂತವನೂ ಅವನೇ.

ಕನಕರಾಜುವಿಗೆ ನೆನಪಿಲ್ಲ ಅಂತ ಬರೆದಿದ್ದೀಯ. ಮೊನ್ನೆ ಶಿವಮಲ್ಲು ಮೈಸೂರಿಗೆ ಹೋದವನು ಅವನನ್ನು ನೋಡಿದನಂತೆ. ಊರಿನ ವಿಷಯವೆಲ್ಲ ಚೆನ್ನಾಗಿ ಕೇಳಿದನಂತೆ, ಬೆಂಕಿಯ ಮಾತೆತ್ತಿದರೆ ಗೋಡೆ ಕಡೆ ತಿರುಗಿದನಂತೆ. ನೆನಪಿಲ್ಲದವರು ಹಾಗೆ ತಿರುಗುವುದಿಲ್ಲ.

ಸಂಕ್ರಾಂತಿ ಮುಗಿಯಿತು. ಪ್ರತಿ ವರ್ಷ ಅವನು ಒಂದು ಸಣ್ಣ ಡಬ್ಬದಲ್ಲಿ ಬಣ್ಣ ತರುತ್ತಿದ್ದ, ನಾನು ಕೊಂಬು ಹೆರೆದು ಬಳಿಯುತ್ತಿದ್ದೆ. ಈ ಸಲ ಎತ್ತುಗಳ ಮೈ ತೊಳೆದು ಹಾಗೇ ಕಟ್ಟಿದೆ. ಊರಿನವರು ಕಿಚ್ಚು ಹಾಯಿಸಲು ಹುಲ್ಲಿಗೆ ಬೆಂಕಿ ಹಚ್ಚಿದಾಗ ನಾನು ಹೊಲದ ಕಡೆ ಹೊರಟೆ. ಬೆನ್ನ ಹಿಂದೆ ಚಟಚಟ ಅನ್ನುವ ಸದ್ದು ಹೊಲದ ತನಕ ಕೇಳುತ್ತಿತ್ತು.

ಫೆಬ್ರವರಿಯಲ್ಲಿ ಸರ್ಕಾರದ ಸಾಹೇಬರು ಫ್ಯಾಕ್ಟರಿಗೆ ಬಂದು ವಿಚಾರಣೆ ಮಾಡುತ್ತಾರೆ ಅಂತ ನೋಟೀಸು ಬಂದಿದೆ. ನಾನು ಬರುತ್ತೇನೆ. ಬೀಡಿ ಕಟ್ಟು ನನ್ನದು ಅಂತ ಹೇಳುತ್ತೇನೆ. ನೀನು ನನ್ನ ಪಕ್ಕ ನಿಲ್ಲುತ್ತೀಯೋ ಅವರ ಪಕ್ಕ ನಿಲ್ಲುತ್ತೀಯೋ ನಿನಗೆ ಬಿಟ್ಟದ್ದು.

ಚಿಕ್ಕಮಾದಯ್ಯ


ಚಾಮರಾಜನಗರ
22-1-2006

ಕನಕರಾಜಣ್ಣನಿಗೆ ನಮಸ್ಕಾರ.

ನಿನ್ನ ಕೈ ಪಟ್ಟಿಯಲ್ಲಿದೆ, ಉತ್ತರ ಬರುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಬರೆಯಲಿ? ಇದನ್ನು ತಿಳಿದವರು ನಾವಿಬ್ಬರೇ.

ಡ್ರಮ್ಮಿನಿಂದ ಥಿನ್ನರ್ ಸುರಿಯುವಾಗ ಅದರೊಳಗೆ ಕರೆಂಟು ಹುಟ್ಟುತ್ತದೆ, ಅದು ತಂತಿಯಲ್ಲಿ ಹರಿದು ಕಂಬಿಯ ಮೂಲಕ ಭೂಮಿಗೆ ಇಳಿಯಬೇಕು. ಕಂಬಿ ಬೋಳಾಗಿಯೇ ಇರಬೇಕು. ಬಣ್ಣ ಬಳಿದರೆ ಕ್ಲಿಪ್ಪು ಕಚ್ಚಿದ್ದರೂ ಒಂದೇ, ಕಚ್ಚದಿದ್ದರೂ ಒಂದೇ. ಆಮೇಲೆ ಒಂದು ಕಿಡಿ ಸಾಕು. ನಾವು ಇದನ್ನು ಕೆಲಸಕ್ಕೆ ಸೇರಿದ ವಾರವೇ ಕಲಿತೆವು. ಕಲಿಯದ ನಮ್ಮಪ್ಪ ಅವತ್ತು ಬಂದು ಪ್ರೀತಿಯಿಂದ ಬಳಿದ. ಅದನ್ನು ನೀನು ಆಸ್ಪತ್ರೆಯಲ್ಲಿ ಹೇಳಿದಾಗ ನಾನು ನಂಬಲಿಲ್ಲ. ಈಗ ಅಪ್ಪನೇ ಬರೆದಿದ್ದಾನೆ, ಎಷ್ಟು ಅಚ್ಚುಕಟ್ಟಾಗಿ ಬಳಿದೆ ಅಂತ, ಹೆಮ್ಮೆಯಿಂದ.

ನಾನು ಕಂಪನಿಯ ಕಡೆ ಅಂತ ಅಪ್ಪ ತಿಳಿದಿದ್ದಾನೆ. ತಿಳಿಯಲಿ. ನಿಜ ಹೇಳಿದರೆ ಅಣ್ಣನ ಹೆಸರು ಉಳಿಯುತ್ತದೆ, ಅಪ್ಪ ಉಳಿಯುವುದಿಲ್ಲ. ಅಪ್ಪ ಉಳಿಯಲಿ ಅಂತ ನೀನೂ ನಿನ್ನ ತಾಯಿ ಬೀಡಿಯ ಮಾತು ಆಡಿದರೂ ಸುಮ್ಮನಿದ್ದೀಯ. ವಿಚಾರಣೆಯಲ್ಲೂ ನೆನಪಿಲ್ಲ ಅಂತಲೇ ಹೇಳು. ಆ ಬೆಳಿಗ್ಗೆ ಅಣ್ಣ ನಿನಗೆ ಹೇಳಿದ ಮಾತನ್ನಂತೂ ಅಪ್ಪನ ಕಿವಿಗೆ ಬೀಳಿಸಬೇಡ.

ಓದಿದ ಮೇಲೆ ಇದನ್ನು ಯಾರಿಂದಾದರೂ ಹರಿದುಹಾಕಿಸು.

ಮಾನಸ


ಬೇಗೂರು
16-2-2006

ಮಗಳು ಮಾನಸಳಿಗೆ,

ವಿಚಾರಣೆಯ ದಿನ ನೀನು ಲ್ಯಾಬಿನ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡದ್ದನ್ನು ನೋಡಿದೆ. ನಿನ್ನ ಜೊತೆ ಮಾತಾಡದೆ ಬಸ್ಸು ಹತ್ತಿದೆ ಅಂತ ಕೋಪ ಮಾಡಿಕೊಳ್ಳಬೇಡ. ಮಾತಾಡಿದ್ದರೆ ಅಲ್ಲೇ ಬಿದ್ದುಬಿಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಯಾರು ಹೇಳಿದರು ಅಂತ ನೀನು ಯೋಚಿಸುತ್ತಿರಬಹುದು. ಯಾರೂ ಹೇಳಲಿಲ್ಲ. ವಿಚಾರಣೆಗೆ ನಾಲ್ಕಾರು ದಿನ ಮುಂಚೆ ಹೆದ್ದಾರಿಯ ಪೆಟ್ರೋಲ್ ಬಂಕಿನ ಹತ್ತಿರ ನೆರಳಿಗೆ ಕೂತಿದ್ದೆ. ಎಣ್ಣೆ ಲಾರಿ ಬಂತು. ಪೈಪು ಹಾಕುವುದಕ್ಕೆ ಮೊದಲು ಬಂಕಿನ ಮಾದೇವ ಒಂದು ತಂತಿ ತಂದ. ಅದೇ ಇಕ್ಕಳ. ನೆಲದಲ್ಲಿ ನೆಟ್ಟಿದ್ದ ಕಂಬಿಗೆ ಕಚ್ಚಿಸುವ ಮೊದಲು ಅರದಿಂದ ಆ ಕಂಬಿಯನ್ನು ಉಜ್ಜಿ ಬೆಳ್ಳಗೆ ಮಾಡಿದ. ಯಾಕಪ್ಪ ಅಂದೆ. "ತುಕ್ಕಿದ್ರೂ ಬಣ್ಣ ಇದ್ರೂ ಹಿಡಿಯಕಿಲ್ಲ ಕಣಣ್ಣ. ನೈಲಾನ್ ಬಟ್ಟೆ ಬಿಚ್ಚುವಾಗ ಚಟ್ ಅಂತದಲ್ಲ, ಅಂಥದೊಂದು ಕಿಡಿ ಸಾಕು, ಲಾರಿಗೆ ಲಾರಿನೇ ಹೋಯ್ತದೆ" ಅಂದ. ಬಣ್ಣ ಬಳಿದರೆ ಅಂತ ಇನ್ನೊಂದು ಸಲ ಕೇಳಿದೆ. "ಬಳ್ದವ್ನ ಕೈ ಕಡೀಬೇಕು" ಅಂತ ನಗಾಡಿದ.

ಎದ್ದು ಮನೆಗೆ ಬಂದೆ. ದಾರಿ ನೆನಪಿಲ್ಲ.

ನಿನ್ನ ಕಾಗದಗಳನ್ನು ಮತ್ತೆ ತೆಗೆದು ಓದಿದೆ. ಆಗ ಅರ್ಥವಾಯಿತು ನೀನು ಯಾರ ಕಡೆ ನಿಂತಿದ್ದೆ ಅಂತ. ಉಂಡ ಮನೆ, ಜಂತೆ ಅಂತ ಏನೇನೋ ಬರೆದೆ. ಆ ಕಾಗದ ಸುಟ್ಟುಹಾಕು. ಆದರೂ ಹೇಳುತ್ತೇನೆ, ನೀನು ಮಾಡಿದ್ದು ಸರಿಯಲ್ಲ. ನನ್ನನ್ನು ಉಳಿಸುವುದಕ್ಕೆ ಹೋಗಿ ನಿನ್ನ ಅಣ್ಣನ ಬಾಯಿಗೆ ಬೀಡಿ ಇಟ್ಟೆ. ನಾನು ಬದುಕಿದ್ದೇನೆ, ನನಗೆ ಬೈಗುಳ ತಿನ್ನುವ ಶಕ್ತಿಯಿದೆ. ಅವನಿಗಿಲ್ಲ.

ಸಾಹೇಬರು ಒಳ್ಳೆಯವರು. ಹೇಳಿ ಯಜಮಾನರೇ ಅಂದರು. ಬೀಡಿ ಕಟ್ಟು ನನ್ನದು, ಕಂಬಿಗೆ ಬಣ್ಣ ಬಳಿದವನೂ ನಾನೇ ಅಂದೆ. ಅವರು ಪೆನ್ನು ಕೆಳಗಿಟ್ಟರು. "ಯೋಚನೆ ಮಾಡಿ ಹೇಳಿ, ಇದನ್ನು ಬರೆದರೆ ಉಳಿದುಬಿಡುತ್ತದೆ" ಅಂದರು. ಉಳಿಯಲಿ ಅಂತಲೇ ಬಂದಿದ್ದೇನೆ, ಬರೆಯಿರಿ ಸ್ವಾಮಿ ಅಂದೆ. ಮರಿಮಲ್ಲಪ್ಪನವರು ತಲೆ ತಗ್ಗಿಸಿದ್ದರು. ನಿಂತು ನೋಡಿ ಹೊಗಳಿದವರು ನೀವೇ ಅಲ್ಲವೇ ಅಂತ ಕೇಳಿದೆ. ಹೌದು ಅಂದರು, ಅಷ್ಟೇ. ಗೊತ್ತಿರಬೇಕಾದವರು ಅವರು. ಆದರೆ ಕುಂಚ ಇದ್ದದ್ದು ನನ್ನ ಕೈಯಲ್ಲಿ.

ಬಂದು ನಿನ್ನವ್ವನಿಗೆ ಹೇಳಿದೆ. ಊರಿಗೂ ಹೇಳಿದೆ, ಶಿವಮಲ್ಲುವಿನ ಅಂಗಡಿಯಲ್ಲಿ ನಿಂತು, ಕೇಳುವವರೆಲ್ಲ ಕೇಳಲಿ ಅಂತ. ಸಂಜೆ ಕರಿಯಮ್ಮ ಬಂದು ಜಗಲಿಯ ಮೇಲೆ ಕೂತಳು. ನಿನ್ನವ್ವ ಒಂದು ಲೋಟ ನೀರು ತಂದಿಟ್ಟಳು, ಕುಡಿದು ಹೋದಳು. ನಿಂಗರಾಜು ಬೀಡಿ ಸೇದಲಿಲ್ಲ ಅನ್ನುವುದು ಈಗ ಬೇಗೂರಿಗೆಲ್ಲ ಗೊತ್ತು. ಅವನನ್ನು ಕೊಂದವನು ಅವನ ಅಪ್ಪ ಅನ್ನುವುದೂ ಗೊತ್ತು. ಮುಖದ ಮೇಲೆ ಯಾರೂ ಅನ್ನುವುದಿಲ್ಲ. ನಾನು ಬಂದರೆ ಜಾಗ ಬಿಟ್ಟು ಕೂರುತ್ತಾರೆ.

ವಾಸನೆ ನಿಲ್ಲುತ್ತದೆ ಅಂದುಕೊಂಡಿದ್ದೆವು. ನಿಂತಿಲ್ಲ. ಈಗ ಸಂಜೆ ಅದು ಬಂದಾಗ ನಾನು ಎದ್ದು ಕೊಟ್ಟಿಗೆಗೆ ಹೋಗುತ್ತೇನೆ, ಅವನ ಎದುರಿಗೆ ಕೂರುವ ಮುಖ ನನಗಿಲ್ಲ. ನಿನ್ನವ್ವ ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಅವಳದ್ದು ತಪ್ಪೇನೂ ಇಲ್ಲ. ತಿಳಿಯದೆ ಮಾಡಿದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಸಾಯುವಾಗ ಅವನಿಗೆ ಗೊತ್ತಾಯಿತೋ ಏನೋ, ಇದು ಅಪ್ಪನ ಕೆಲಸ ಅಂತ. ಅದೊಂದು ಯೋಚನೆ ನನ್ನನ್ನು ಬಿಡುವುದಿಲ್ಲ.

ನಿನ್ನ ಅಪ್ಪ
ಚಿಕ್ಕಮಾದಯ್ಯ


ಚಾಮರಾಜನಗರ
5-3-2006

ಅಪ್ಪನಿಗೆ ನಮಸ್ಕಾರ.

ನಿನ್ನ ಕಾಗದ ಬಂದ ಮೇಲೆ ಮೂರ್ನಾಲ್ಕು ಸಲ ಬರೆದು ಹರಿದೆ. ಅಣ್ಣನ ಬಾಯಿಗೆ ಬೀಡಿ ಇಟ್ಟೆ ಅಂದೆಯಲ್ಲ, ಅದು ನಿಜ. ನನಗೆ ಬೇರೇನೂ ಹೇಳಲು ಬರುವುದಿಲ್ಲ.

ಅಪ್ಪ, ಇನ್ನೊಂದು ವಿಷಯ ಉಳಿದಿದೆ. ನಾನು ಆಸ್ಪತ್ರೆಗೆ ಮೊದಲ ಸಲ ಹೋದಾಗಲೇ ಕನಕರಾಜಣ್ಣ ಹೇಳಿದ್ದ. ಇದನ್ನು ಮಾತ್ರ ಸಾಯುವ ತನಕ ನಿನಗೆ ಹೇಳುವುದಿಲ್ಲ ಅಂತ ಇಬ್ಬರೂ ಮಾತು ಮಾಡಿಕೊಂಡಿದ್ದೆವು. ಹೇಳಿದರೆ ನಿನ್ನ ಭಾರ ಇಳಿಯುತ್ತದೋ ಏರುತ್ತದೋ ನನಗೆ ಗೊತ್ತಿಲ್ಲ. ಆದರೆ ನಿನ್ನಿಂದ ಒಂದನ್ನು ಮುಚ್ಚಿಟ್ಟು ಏನಾಯಿತು ಅಂತ ನೋಡಿದೆ. ನಮ್ಮ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕು. ನೀನು ಕೇಳಿದ್ದೀಯ, ಅವನಿಗೆ ಗೊತ್ತಾಯಿತೋ ಏನೋ ಅಂತ. ಅವನಿಗೆ ಮೊದಲೇ ಗೊತ್ತಿತ್ತು.

ಆ ಬೆಳಿಗ್ಗೆ ಇಬ್ಬರೂ ಡ್ರಮ್ಮಿನ ಹತ್ತಿರ ಬಂದರು. ಕ್ಲಿಪ್ಪು ಹಾಕುವಾಗ ಕನಕರಾಜಣ್ಣ ಹಸಿರು ಬಳಿದದ್ದನ್ನು ನೋಡಿ, "ಲೇ ನಿಂಗ, ಇದ ಕೆರೀಬೇಕು ಕಣ್ಲಾ" ಅಂದನಂತೆ. ಬ್ಲೇಡು ತರುವುದಕ್ಕೂ ಹೊರಟನಂತೆ. ಅಣ್ಣ ಅವನನ್ನು ತಡೆದ. ಕಂಬಿಯನ್ನು ಒಂದು ಸಲ ಮುಟ್ಟಿ ನೋಡಿ, ನಕ್ಕು, ಹೀಗೆ ಅಂದನಂತೆ:

"ನಮ್ಮಪ್ಪ ಬಳ್ದಿರೋದು ಕಣ್ಲಾ. ಎಷ್ಟು ಚೆಂದಾಗಿ ಬಳ್ದವ್ನೆ ನೋಡು. ಇವತ್ತೊಂದಿನ ಇರ್ಲಿ ಬುಡು, ನಾಳ ಕೆರ್ದಾಕ್ತೀನಿ."

ಆಮೇಲೆ ನಲ್ಲಿ ತಿರುಗಿಸಿದ.

ನೀನು ತಿಳಿಯದೆ ಮಾಡಿದೆ ಅಪ್ಪ. ಅವನು ತಿಳಿದೂ ಬಿಟ್ಟ. ಅದರಲ್ಲಿ ಅವನ ಪಾಲೂ ಇದೆ. ಎಲ್ಲವನ್ನೂ ನೀನೊಬ್ಬನೇ ಹೊತ್ತುಕೊಳ್ಳಬೇಡ. ಇದನ್ನು ಹೇಳಲೇ ಬರೆದದ್ದು.

ಕೆಲಸ ಬಿಡುತ್ತಿದ್ದೇನೆ. ಈ ತಿಂಗಳು ಮುಗಿಸಿ ಮನೆಗೆ ಬರುತ್ತೇನೆ. ಬರಬೇಡ ಅನ್ನಬೇಡ.

ನಿನ್ನ ಮಗಳು
ಮಾನಸ


ಬೇಗೂರು
12-3-2006

ಮಾನಸಳಿಗೆ ಆಶೀರ್ವಾದ.

ಕಾಗದ ಬಂತು. ಮನೆಗೆ ಬಾ.

ಒಬ್ಬನೇ ಓದಿಕೊಂಡು ಜೇಬಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಸಾಕು ಅಂತ ನೀನೇ ಬರೆದಿದ್ದೀಯಲ್ಲ. ನಿನ್ನವ್ವ ಹಿತ್ತಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಸ್ವಲ್ಪ ದೂರದಲ್ಲಿ ಕೂತು ಓದಿದೆ. ನಿಂಗರಾಜು ಆಡಿದ್ದನ್ನು ಅವನು ಆಡಿದ ಹಾಗೇ ಓದಿದೆ. ಮುಖ ಎತ್ತದೆ, ಇನ್ನೊಂದು ಸಲ ಅನ್ನುವ ಹಾಗೆ ಕೈ ಮಾಡಿದಳು. ಓದಿದೆ. ಸೊಪ್ಪು ಮುಗಿಯುವ ತನಕ ಬಿಡಿಸಿದಳು. ಕಡ್ಡಿಯನ್ನೆಲ್ಲ ಗುಡ್ಡೆ ಮಾಡಿ ಎತ್ತುಗಳ ಮುಂದೆ ಹಾಕಿ ಬಂದಳು. ಬಂದು ನನ್ನ ಪಕ್ಕದಲ್ಲೇ ಕೂತಳು. ಆಮೇಲೆ ಮಾತಾಡಿದಳು.

"ಅವ್ನು ಬೀಡಿನಾರ ಸೇದಿದ್ರೆ ಆಗಿತ್ತು ಕಣಯ್ಯ" ಅಂದಳು.

ನಾನು ಹೂಂ ಅಂದೆ.

ನಿನ್ನ ಅಪ್ಪ
ಚಿಕ್ಕಮಾದಯ್ಯ